ಲಗಮವ್ವ ಅತ್ತಿಯ ಐತವಾರದ ಪೇಪರು

"ಇದು ಆಗೂದಲ್ಲ" ಎಂದವಳು ನಮ್ಮ ಲಗಮವ್ವ ಅತ್ತಿ. ಅಪ್ಪನ ಒಡಹುಟ್ಟಿದ ಅಕ್ಕ. ಅಂದದ್ದು ಮನೆಯೊಳಗಲ್ಲ. ಜಮಖಂಡಿಯ ನಮ್ಮ ಓಣಿಯಲ್ಲಿ, ಕಟ್ಟೆಯ ಮೇಲೆ ಕುಳಿತು, ಐತವಾರ, ಓಣಿಗೆ ಓಣಿಯೇ ನೆರೆದಿದ್ದಾಗ.

ನಾನು ಆಗಷ್ಟೇ ಮೆಟ್ರಿಕ್ ಪಾಸಾಗಿದ್ದೆ. ಮಗನನ್ನು ಧಾರವಾಡಕ್ಕೆ ಕಳಿಸುತ್ತೇನೆ, ಬಿ.ಎ. ಮಾಡಿಸುತ್ತೇನೆ ಎಂದು ಅಪ್ಪ ಎಲ್ಲರೆದುರು ಹೇಳಿಬಿಟ್ಟ. ನಮ್ಮ ಮನೆತನದಲ್ಲಿ ಅಲ್ಲಿಯತನಕ ಹೆಬ್ಬೆಟ್ಟೇ ಸಹಿ. ಅತ್ತಿ ಬೀರದೇವರ ಗುಡಿಯಿಂದ ಬಂದು ಕೂತಿದ್ದಳು. ಅಂಗೈಯಲ್ಲಿ ಭಂಡಾರವಿತ್ತು. (ಹೊರಗಿನವರು ಅದನ್ನು ಅರಿಷಿಣಪುಡಿ ಎಂದಾರು. ನಮ್ಮ ಮಂದಿಗೆ ಅದನ್ನು ಹಿಡಿದು ಆಡಿದ ಮಾತು ಕೋರ್ಟಿನ ಹುಕುಮಿಗಿಂತ ದೊಡ್ಡದು. ಅಪೀಲಿಲ್ಲ.)

"ಕುರಿ ಹಿಂದ ಹೋಗು ಹುಡುಗ ಬಿ.ಎ. ಆಗ್ತಾನ? ಆದ್ರ ನಾ ಈ ಕಟ್ಟಿ ಮ್ಯಾಲ ಕುಂತು ಬಾಯಿ ತಗಿಯಂಗಿಲ್ಲೋ ತಮ್ಮಾ. ಈ ಭಂಡಾರದ ಆಣಿ."

ಅಪ್ಪ ನಕ್ಕ. "ಅಕ್ಕಾ, ಹಂಗ ಆಣಿ ಮಾಡಬ್ಯಾಡ. ಹುಡುಗ ಪಾಸಾಗ್ಲೆಂತ ಓಣಿ ಮಂದೆಲ್ಲಾ ಹರಕಿ ಹೊತ್ತಾರು."

ಯಾಕೆಂದರೆ ಅತ್ತಿಯ ಬಾಯಿ ಅಂಥದ್ದು. ಈ ನಿಮ್ಮ ವಾರಪತ್ರಿಕೆ ಹುಟ್ಟುವ ಎಷ್ಟೋ ಮೊದಲೇ ನಮ್ಮ ಓಣಿಗೊಂದು ವಾರಪತ್ರಿಕೆ ಇತ್ತು. ಐತವಾರ ಮಧ್ಯಾಹ್ನ ಉಣ್ಣೆ ಹಿಂಜುತ್ತ ಅತ್ತಿ ಕಟ್ಟೆಗೆ ಕೂತಳೆಂದರೆ ವಾರದ ಸುದ್ದಿಯೆಲ್ಲ ಹೊರಗೆ. ಯಾರ ಮನೆಯ ಆಡು ಮಾಸ್ತರರ ಧೋತರ ತಿಂದಿತು. ಕನ್ಯೆ ನೋಡಲು ಮುಧೋಳಕ್ಕೆ ಹೋದವನು ಕನ್ಯೆ ಬಿಟ್ಟು ಬೇಟೆನಾಯಿಯ ಮರಿ ಹಿಡಿದುಕೊಂಡು ಹೇಗೆ ಬಂದ. ದಾರೂಬಂದಿಯ ಮೇಲೆ, ಕುಡಿಯಬೇಡಿರೆಂದು, ಭಾಷಣ ಮಾಡಿದ ಗಾಂಧಿ ಟೊಪ್ಪಿಗೆಯವನ ಹತ್ತಿರ ಯಾಕೆ ಯಾರೂ ನಿಲ್ಲಲಿಲ್ಲ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದದ್ದೂ ನಮ್ಮ ಓಣಿಗೆ ತಿಳಿದದ್ದು ಅವಳ ಬಾಯಿಂದಲೇ. (ಮೊದಲು ಆಡಿನ ಸುದ್ದಿ, ಆಮೇಲೆ ಸರಕಾರದ್ದು. ಸಂಪಾದಕಿಗೆ ಯಾವುದು ಮುಖ್ಯವೆಂದು ಗೊತ್ತಿತ್ತು.)

ಅಪ್ಪ ವಾರವೆಲ್ಲ ಹುನ್ನೂರ ಕಡೆ ಹೊಲಗಳಲ್ಲಿ ಕುರಿಯೊಂದಿಗೆ ಇರುತ್ತಿದ್ದ. ಐತವಾರ ಮಾತ್ರ ಮನೆಗೆ ಬರುತ್ತಿದ್ದ. ಕಂಬಳಿ ಹಾಸಿ ಅಕ್ಕನ ಪಕ್ಕ ಕೂತು, ಸುದ್ದಿ ಮುಗಿಯುವತನಕ ಏಳುತ್ತಿರಲಿಲ್ಲ.

ನಾನು ಬಿ.ಎ. ಓದುವುದು ಅತ್ತಿಗೆ ಯಾಕೆ ಬೇಡವಾಗಿತ್ತು? ಅವಳಿಗೆ ಹೊಟ್ಟೆಕಿಚ್ಚೆಂದು ನನಗೆ ಆಗ ಅನ್ನಿಸಿತ್ತು. ನಿಜ ತಿಳಿದದ್ದು ಆಮೇಲೆ. ಹುಡುಗ ಕಾಲೇಜಿಗೆ ಹೋದರೆ ಕುರಿಯ ಹಿಂದೆ ತಮ್ಮ ಒಬ್ಬನೇ ಆಗುತ್ತಾನಲ್ಲ, ಮಳೆಯಲ್ಲಿ, ಚಳಿಯಲ್ಲಿ, ಅದು ಅವಳ ಸಂಕಟ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಊರ ಸುದ್ದಿ ಹೇಳುವವರು ತಮ್ಮ ಸುದ್ದಿ ಹೇಳುತ್ತಾರೆಯೇ?

ಅವಳು ಹೆದರಿದಂತೆಯೇ ಆಯಿತು. ಕೊನೆಯ ವರ್ಷ, ಪರೀಕ್ಷೆ ಇನ್ನೇನು ಬಂತೆನ್ನುವಾಗ, ಅಪ್ಪನಿಗೆ ಹೊಲದಲ್ಲೇ ಜ್ವರ ಬಂತು. ಗಾಡಿಯಲ್ಲಿ ಹಾಕಿ ಮನೆಗೆ ತಂದರಂತೆ. ಉಳಿಯಲಿಲ್ಲ.

ನನಗೆ ತಿಳಿದಿರಲಿಲ್ಲ. ನಾನು ಧಾರವಾಡದಲ್ಲಿ ಪೇಪರು ಬರೆಯುತ್ತಿದ್ದೆ. ಮುಗಿಸಿ, ಬಸ್ಸಿಳಿದು, ಓಣಿಗೆ ಬಂದೆ. ನನ್ನನ್ನು ಕಂಡರೆ ಕಾಲೇಜಿನ ಹುಡುಗಿಯರ ಬಗ್ಗೆ ಕೇಳದೆ ಬಿಡದ ಸಿಂಪಿಗ ಬಾಳಪ್ಪ ಕಾಕಾ ಹೊಲಿಗೆ ಮಶೀನು ನಿಲ್ಲಿಸಿ ತಲೆ ತಗ್ಗಿಸಿದ. ಉಳಿದವರು ಒಳಗೆ ಸರಿದರು. ಕಟ್ಟೆಯ ಮೇಲೆ ಅತ್ತಿ ಒಬ್ಬಳೇ. ಪಕ್ಕದಲ್ಲಿ ಅಪ್ಪನ ಕಂಬಳಿ ಮಡಚಿಟ್ಟಿತ್ತು.

"ಪರೀಕ್ಷಾ ಮುಗೀತ?"

ಮುಗಿಯಿತೆಂದೆ.

"ಎಲ್ಲಾ ಬರ್ದಿ?"

ಬರೆದೆನೆಂದೆ.

"ಹಂಗಾರ ಈಗ ಅಳು" ಎಂದಳು.

ತಂತಿ ಕೊಡಲು ಹೊರಟವರನ್ನು ತಡೆದವಳು ಅವಳೇ ಎಂದು ಅವ್ವ ಆಮೇಲೆ ಹೇಳಿದಳು. ಪರೀಕ್ಷೆ ಮುಗಿಯುವತನಕ ಧಾರವಾಡಕ್ಕೆ ಒಂದು ಅಕ್ಷರವೂ ಹೋಗಬಾರದೆಂದು ಮನೆಮನೆಗೆ ಹೋಗಿ ಹೇಳಿ ಬಂದಿದ್ದಳಂತೆ. ಆಡು ಧೋತರ ತಿಂದರೂ ಬಚ್ಚಿಡದ ಓಣಿ ಈ ಒಂದು ಸುದ್ದಿಯನ್ನು ಬಚ್ಚಿಟ್ಟಿತು. ಅಪ್ಪನ ಮಣ್ಣಿಗೆ ನಾನಿರಲಿಲ್ಲ. ಅದಕ್ಕೆ ಅತ್ತಿಯ ಮೇಲೆ ಸಿಟ್ಟಾಗಬೇಕೋ, ಕಾಲಿಗೆ ಬೀಳಬೇಕೋ? ಇವತ್ತಿಗೂ ನನಗೆ ಗೊತ್ತಿಲ್ಲ.

ಮಳೆಗಾಲಕ್ಕೆ ರಿಸಲ್ಟು ಬಂತು. ಪಾಸು. ನಮ್ಮ ಮನೆತನದ ಮೊದಲ ಬಿ.ಎ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕಂದೀಲಿನ ಹೊಗೆ ಕುಡಿದು ಗಳಿಸಿದ್ದು.

ಅಪ್ಪ ಹೋದ ಮೇಲೆ ಕಟ್ಟೆ ಬರಿದಾಗಿತ್ತು. ರಿಸಲ್ಟಿನ ಸಂತೋಷಕ್ಕಾದರೂ ಅತ್ತಿ ಬಾಯಿ ಬಿಟ್ಟಾಳೆಂದು ಐತವಾರ ಎಲ್ಲರೂ ಬಂದು ಕೂತರು. ಅತ್ತಿಯೂ ಬಂದಳು. ಉಣ್ಣೆ ಹಿಂಜಿದಳು. ಬಾಯಿ ಮಾತ್ರ ತೆಗೆಯಲಿಲ್ಲ. ಯಾರೋ ಕೆಣಕಿದರು. ಅವಳು ಬೆರಳಿನಿಂದ ಹಣೆಯ ಭಂಡಾರ ತೋರಿಸಿದಳು. ಆಣೆ ನೆನಪಾಗಿ ಎಲ್ಲರೂ ನಕ್ಕರು.

ಮುಂದಿನ ಐತವಾರ ಅಷ್ಟು ಜೋರಾಗಿ ನಗಲಿಲ್ಲ.

ಪತ್ರಿಕೆ ನಿಂತರೆ ಊರು ಏನಾಗುತ್ತದೆ? ನಮ್ಮ ಓಣಿಯನ್ನು ಕೇಳಿ. ಬಾಳಪ್ಪ ಕಾಕಾ ಸಂಪಾದಕನಾಗಲು ನೋಡಿದ. ಬನಹಟ್ಟಿಗೆ ಕೊಟ್ಟ ಹುಡುಗಿಯನ್ನು ಬೀಳಗಿಗೆ ಕೊಟ್ಟಿದ್ದಾರೆಂದು ಹೇಳಿ ಎರಡು ಮನೆಯವರಿಂದ ಬೈಸಿಕೊಂಡ. ಆಮೇಲೆ ಕೆಳಗಿನ ಓಣಿಯ ಮುದುಕರೊಬ್ಬರು ತೀರಿಕೊಂಡರೆಂದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಅಳುತ್ತ ಹೋದರು. ಬಾಗಿಲು ತೆಗೆದವರು ಮುದುಕರೇ. ಕೈಯಲ್ಲಿ ರೊಟ್ಟಿ ಇತ್ತು.

ಆಣೆ ಬಿಡಿಸಲು ದಾರಿಯುಂಟೇ ಎಂದು ಗುಡಿಯ ಪೂಜಾರಿಯನ್ನು ಕೇಳಿದೆ. ಮಾತು ಯಾರಿಗೆ ಕೊಟ್ಟಿದ್ದೋ ಅವರೇ ತಿರುಗಿ ಕೊಡಬೇಕು ಎಂದ. ಅವರಿಲ್ಲವಲ್ಲ ಎಂದೆ. ಅವರಿಲ್ಲದಿದ್ದರೆ ಅವರ ಮಗ. ಬರಿಗೈಯಲ್ಲಲ್ಲ, ಆಗುವುದಿಲ್ಲವೆಂದದ್ದು ಆಗಿದೆಯೆಂದು ಆಕೆಯ ಕೈಗಿಟ್ಟು ತೋರಿಸಿ ಕೊಡಬೇಕು ಎಂದ. ಆಗಿದೆಯೆಂದು ತೋರಿಸಲು ಸರ್ಟಿಫಿಕೇಟು ಬೇಕು. ಅದು ಬರುವುದು ಪದವಿದಾನಕ್ಕೆ.

ಅವ್ವನಿಗೆ ಇದನ್ನು ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಆಣಿ ಒಂದ ನೆವ, ಸಿದ್ದಾ. ಆಕಿ ಸುದ್ದಿ ಓಣಿಗೆ ಹೇಳ್ತಿದ್ಲಂತ ತಿಳ್ಕೊಂಡಿ ಏನ? ವಾರೆಲ್ಲಾ ಕುರ್ಯಾಗ ಇರಾಂವ ತಮ್ಮ, ಊರಾಗ ಏನಾತು ತಿಳಿಯಂಗಿಲ್ಲಂತ ಅಂವಗ ಹೇಳ್ತಿದ್ಲು. ಉಳದವ್ರು ಬಂದು ಕುಂದರ್ತಿದ್ರು, ಅಷ್ಟ."

ಇಷ್ಟು ವರ್ಷ ಓಣಿಯೆಲ್ಲ ಕೇಳಿದ ಪತ್ರಿಕೆಗೆ ಒಬ್ಬನೇ ಚಂದಾದಾರ. ಅವನು ಈಗ ಇಲ್ಲ. ಇನ್ನು ಸಂಪಾದಕಿ ಯಾರಿಗಾಗಿ ಬಾಯಿ ತೆಗೆಯಬೇಕು? ಸರ್ಟಿಫಿಕೇಟಿನಿಂದ ಆಣೆ ಬಿಡಿಸಬಹುದು. ಕಂಬಳಿಯ ಮೇಲೆ ಅಪ್ಪನನ್ನು ಕೂರಿಸಲಾದೀತೇ?

ಆದರೂ ಕಾದೆ. ಅಷ್ಟರಲ್ಲಿ ಅತ್ತಿ ಸೊರಗಿದಳು. ಕಾಯಿಲೆಯೇನೂ ಇರಲಿಲ್ಲ. ಉಣ್ಣುವುದು ಕಡಿಮೆಯಾಯಿತು, ಕೈಯಲ್ಲಿಯ ಉಣ್ಣೆ ಸಾಗುತ್ತಿರಲಿಲ್ಲ. ಮನೆಯೊಳಗೂ ಹೂಂ, ಉಹೂಂ ಅಷ್ಟೆ. ಅಪ್ಪನ ಬೆನ್ನಿಗೇ ಇವಳೂ ಹೋಗುತ್ತಾಳೆಂದು ಅವ್ವ ಕಣ್ಣೀರು ಹಾಕಿದಳು.

ಮೊನ್ನೆ ಪದವಿದಾನ ಮುಗಿಯಿತು. ಬಾಡಿಗೆಯ ಕರಿ ಗೌನು ತೊಟ್ಟು ಸರ್ಟಿಫಿಕೇಟು ಇಸಿದುಕೊಂಡೆ. (ಗೌನು ನನಗಿಂತ ಗೇಣು ಉದ್ದ. ಎಡವಲಿಲ್ಲ, ದೇವರು ದೊಡ್ಡವನು.) ಕಳೆದ ಐತವಾರ ಊರಿಗೆ ಬಂದು, ಕೈಕಾಲು ತೊಳೆದು, ಗುಡಿಗೆ ಹೋಗಿ ಭಂಡಾರ ತಂದು, ನೇರ ಕಟ್ಟೆಗೆ ನಡೆದೆ.

ಅತ್ತಿ ಕೂತಿದ್ದಳು. ಕಂಬಳಿಯೂ ಇತ್ತು. ಪ್ರತಿ ಐತವಾರ ಅದನ್ನು ತಂದು ಪಕ್ಕದಲ್ಲಿಟ್ಟುಕೊಳ್ಳುತ್ತಾಳೆ. ನಾನು ಅದರ ಮೇಲೆ ಕೂರಲಿಲ್ಲ. ಎದುರಿಗೆ ನಿಂತು ಅವಳ ಅಂಗೈಗೆ ಭಂಡಾರ ಹಾಕಿದೆ, ಸರ್ಟಿಫಿಕೇಟು ಕೊಟ್ಟೆ. ಅಪ್ಪನ ಬದಲಿಗೆ ಮಾತು ತಿರುಗಿ ಕೊಡುತ್ತಿದ್ದೇನೆ ಎಂದೆ.

ಅವಳು ಅದನ್ನು ತಲೆಕೆಳಗಾಗಿ ಹಿಡಿದಿದ್ದಳು. ಸರಿ ಮಾಡಿ ಕೊಟ್ಟೆ. ಬಹಳ ಹೊತ್ತು ನೋಡಿದಳು. ಬಾಳಪ್ಪ ಕಾಕಾನ ಮಶೀನು ನಿಂತಿತು.

"ಇದರಾಗ ತಮ್ಮನ ಹೆಸರ ಎಲ್ಲೈತಿ?"

ನಮ್ಮ ಕಡೆಯ ರಿವಾಜಿನಂತೆ ನನ್ನ ಹೆಸರಿನ ಬೆನ್ನಿಗೇ ಅಪ್ಪನ ಹೆಸರು ಇತ್ತು. ತೋರಿಸಿದೆ. ಸಿದ್ದಪ್ಪ ಬೀರಪ್ಪ ಎಂದು ಓದಿದೆ. ಅವಳು ಭಂಡಾರದ ಬೆರಳನ್ನು ಆ ಹೆಸರಿನ ಮೇಲಿಟ್ಟು ಒತ್ತಿದಳು. (ಹಳದಿ ಕಲೆ ಹಾಗೆಯೇ ಉಳಿದಿದೆ. ನೌಕರಿ ಕೊಡುವ ಸಾಹೇಬರು ಕೇಳಿದರೆ ಏನು ಹೇಳಲಿ?)

ಆಮೇಲೆ ನನ್ನನ್ನು ಬಿಟ್ಟು, ಓಣಿಯನ್ನು ಬಿಟ್ಟು, ಕಂಬಳಿಯ ಕಡೆ ತಿರುಗಿದಳು.

"ತಮ್ಮಾ, ಈ ವಾರದ ಸುದ್ದಿ ಕೇಳು. ನಿನ್ನ ಹೆಸರ ಧಾರವಾಡದಾಗ ಬರದಾರ."