ನೆರಳು ಬಿಟ್ಟು ಬಂದ ಬ್ಯಾಗಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವೀಸಾ ಕೇಂದ್ರದ ಗಾಜಿನ ಬಾಗಿಲ ಮುಂದೆ ಆಗಲೇ ಸಾಲು ಬೆಳೆದಿದೆ. ಎದುರಿನ ಫುಟ್‌ಪಾತಿನಲ್ಲಿ ಗಿಡ್ಡನೆಯ ಹೆಂಗಸೊಬ್ಬರು ಕಬ್ಬಿಣದ ರ್‍ಯಾಕನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ, ತಲೆ ಎತ್ತದೆಯೇ ಕೂಗುತ್ತಾರೆ: “ಬ್ಯಾಗು, ಚಾರ್ಜರು, ನೀರಿನ ಬಾಟ್ಲಿ ಯಾವುದೂ ಒಳಗೆ ಬಿಡಲ್ಲ! ಅಲ್ಲಿ ಬೈಸ್ಕೊಂಡು ಬರೋ ಬದಲು ಈಗಲೇ ಇಲ್ಲಿ ಇಡಿ ಸ್ವಾಮಿ!” ಸೂಟು ತೊಟ್ಟವರೊಬ್ಬರು ಆ ಮಾತು ತಮಗಲ್ಲ ಎಂಬ ಗತ್ತಿನಲ್ಲಿ ಮುಂದೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಬಾಲ ಮುದುರಿಕೊಂಡು ಬಂದು ಬ್ಯಾಗು ಚಾಚುತ್ತಾರೆ. ಆಕೆ ನಗುವುದಿಲ್ಲ. ಒಂದು ಬಿಲ್ಲೆಯನ್ನು ಬ್ಯಾಗಿಗೆ ಕಟ್ಟಿ, ಅದರ ಜೋಡಿಯನ್ನು ಅವರ ಕೈಗಿಡುತ್ತಾರೆ.

ಎಲ್ಲರ ಬಾಯಲ್ಲೂ ಈಕೆ ಬ್ಯಾಗಕ್ಕ. ಮೊದಲು ಇದೇ ಬೀದಿಯ ಕಟ್ಟಡವೊಂದರಲ್ಲಿ ನೆಲ ಒರೆಸುತ್ತಿದ್ದರು. ವೀಸಾ ಕೇಂದ್ರ ಶುರುವಾದಾಗ, ಬ್ಯಾಗು ಎಲ್ಲಿಡುವುದೆಂದು ಕಂಗಾಲಾಗಿದ್ದ ಯಾರೋ ಒಬ್ಬರು “ಅಕ್ಕಾ, ಒಂದು ಗಳಿಗೆ ನೋಡ್ಕೊಳ್ಳಿ” ಎಂದರು. ಆ ಒಂದು ಗಳಿಗೆ ಇನ್ನೂ ಮುಗಿದಿಲ್ಲ. ಈಗ ದಿನಕ್ಕೆ ನೂರರ ಹತ್ತಿರ ಬ್ಯಾಗು ಕೈದಾಟುತ್ತವೆ. ಮಳೆ ಬಂದರೆ ಟಾರ್ಪಾಲು ರ್‍ಯಾಕಿಗೆ, ಬ್ಯಾಗಕ್ಕನಿಗಲ್ಲ. ಜಾಗ ಬಿಟ್ಟು ಏಳುವ ಹಾಗಿಲ್ಲವೆಂದು ಮಧ್ಯಾಹ್ನದವರೆಗೆ ನೀರನ್ನೂ ಕುಡಿಯುವುದಿಲ್ಲ. “ಒಬ್ಬ ಅತ್ತೇನೇ ತಂದು ಕೂರಿಸಿ ಹೋದ. ಇವರಿಗೂ ಬಿಲ್ಲೆ ಕಟ್ಲಾ ಅಂದೆ. ಪಾಪ, ಆಯಮ್ಮ ಬಿದ್ದು ಬಿದ್ದು ನಕ್ರು” ಎಂದು ತಾವೂ ನಗುತ್ತಾರೆ.

ಪಾಸ್‌ಪೋರ್ಟು ಮರಳಿ ಬರುವುದು ಮುಚ್ಚಿದ ಲಕೋಟೆಯಲ್ಲಿ. ಮನೆವರೆಗೆ ತಡೆಯುವ ತಾಳ್ಮೆ ಯಾರಿಗಿದೆ? ಬ್ಯಾಗು ತೆಗೆದುಕೊಳ್ಳಲು ಬಂದವರು ಇಲ್ಲೇ ಹರಿದು ನೋಡುತ್ತಾರೆ. ಕೆಲವರು ಕುಣಿಯುತ್ತಾರೆ, ಕೆಲವರು ಮೆಟ್ಟಿಲ ಮೇಲೆ ಕುಸಿಯುತ್ತಾರೆ. ವೀಸಾ ಅರ್ಜಿ ಮಾಡಿಸಿಕೊಡುವ ಯಾವ ಏಜೆನ್ಸಿಯವರ ಕೆಲಸ ನೆಟ್ಟಗೆ, ಯಾರದು ಬರೀ ಬಾಯಿಮಾತು ಎಂಬುದು ಆ ಮುಖಗಳನ್ನು ನೋಡಿಯೇ ಬ್ಯಾಗಕ್ಕನಿಗೆ ಗೊತ್ತಾಗಿಹೋಗಿದೆ. ಆದರೆ ಬೇಕಾದ ಹೊತ್ತಿನಲ್ಲಿ ಬಾಯಿ ಬರಲಿಲ್ಲ. ಆ ಮಾತು ಬಂದಾಗ ಅವರ ದನಿ ಇಳಿಯುತ್ತದೆ.

ಆಗ ರ್‍ಯಾಕು ಇದ್ದದ್ದು ರಸ್ತೆಯ ಆಚೆ ಬದಿ, ನೆಲಮಹಡಿಯ ಏಜೆನ್ಸಿಯ ಚಾವಣಿಯ ನೆರಳಲ್ಲಿ. ಏಜೆನ್ಸಿಯ ಯಜಮಾನರು ಒಳ್ಳೆಯ ಮನುಷ್ಯ. ಬಾಡಿಗೆ ಕೇಳಿದವರಲ್ಲ, “ತಂಗೀ” ಎಂದೇ ಕರೆಯುತ್ತಿದ್ದರು. ಕೆಲಸದಲ್ಲಿ ಮಾತ್ರ ನಿಧಾನ, ಬಂದ ಕಾಗದಗಳ ಮೇಲೆ ಕೂತುಬಿಡುವ ಸ್ವಭಾವ. ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ಇನ್ನೊಂದು ಏಜೆನ್ಸಿ. ಅಲ್ಲಿನ ಮೇಡಂ ಮುಂಗೋಪಿ. ಒಂದು ಕಾಗದ ಕಡಿಮೆಯಾದರೂ ಮುಖಕ್ಕೆ ಹೊಡೆದಂತೆ ಬೈದು ಕಳಿಸುವವರು. ಅವರಲ್ಲಿ ಮಾಡಿಸಿದವರೇ ಲಕೋಟೆ ಹರಿದು ಹೆಚ್ಚು ಕುಣಿಯುತ್ತಿದ್ದದ್ದು.

ಬ್ಯಾಗಕ್ಕನ ಸ್ವಂತ ಅಕ್ಕನ ಮಗಳು ಹೊರದೇಶದಲ್ಲಿ ನರ್ಸ್. ಅಲ್ಲೇ ಮದುವೆ ನಿಶ್ಚಯವಾಯಿತು. ಮದುವೆಗೆ ಹೋಗಲು ವೀಸಾ ಮಾಡಿಸಬೇಕೆಂದು ಅಕ್ಕ ಕಾಗದಗಳನ್ನು ಎದೆಗವಚಿಕೊಂಡು ಬಂದು, “ಯಾರ ಹತ್ರ ಕೊಡ್ಲಿ? ನೀನು ಹೇಳಿದವರ ಹತ್ರಾನೇ” ಎಂದಳು. “ಮೇಲೆ ಹೋಗು ಅಂತ ನಾಲಿಗೆ ತುದೀಲಿತ್ತು. ಅಷ್ಟರಲ್ಲಿ ಯಜಮಾನ್ರೇ ಕುರ್ಚಿ ಹಿಡ್ಕೊಂಡು ಹೊರಗೆ ಬಂದ್ರು. ‘ನಿಮ್ಮಕ್ಕ ಅಂದ್ರೆ ನಮ್ಮಕ್ಕ ಇದ್ದ ಹಾಗೆ’ ಅಂದ್ರು. ಅವರ ನೆರಳಲ್ಲಿ ನಿಂತ್ಕೊಂಡು ಬೇರೆಯವರ ಕಡೆ ಹೇಗೆ ಕೈ ತೋರಿಸ್ಲಿ? ‘ಇವರ ಹತ್ರಾನೇ ಕೊಡಕ್ಕಾ’ ಅಂದ್ಬಿಟ್ಟೆ. ಹಾಳು ದಾಕ್ಷಿಣ್ಯ.”

ಕಾಗದಗಳು ಮೇಜಿನ ಖಾನೆಯಲ್ಲೇ ಉಳಿದವು. ಇವತ್ತು, ನಾಳೆ ಎಂದು ದಿನ ಸರಿದವು. ಕೊನೆಗೆ ವೀಸಾ ಬಂತು, ಮದುವೆ ಮುಗಿದ ಮೇಲೆ. ಮದುವೆಗೆಂದು ಹೊಲಿಸಿದ ಬಟ್ಟೆ ಹಾಕಿಕೊಂಡು ಅಕ್ಕ ಮೊಬೈಲ್ ಮುಂದೆ ಕೂತು ಮಗಳ ಮದುವೆ ನೋಡಿದಳು. ಮುಗಿದ ಮದುವೆಗೆ ಹೋಗಿ ಏನು ಮಾಡಲಿ ಎಂದು ಆ ಸಲ ಹೊರಡಲೇ ಇಲ್ಲ. “ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ. ‘ಇವರು ತಡ ಮಾಡ್ತಾರೆ ಅಂತ ನಿಂಗೆ ಗೊತ್ತಿತ್ತಾ?’ ಅಂತ ಕೇಳಿದ್ಲು. ನಾನು ಬಿಲ್ಲೆ ಎಣಿಸೋಕೆ ಶುರು ಮಾಡ್ದೆ. ಆಮೇಲೆ ನಮ್ಮನೆ ಕಡೆ ತಲೆ ಹಾಕ್ಲಿಲ್ಲ.”

ಅಕ್ಕ ಹಾಗೆ ಕೇಳಿದ ಮರುದಿನವೇ ಬ್ಯಾಗಕ್ಕ ರ್‍ಯಾಕನ್ನು ರಸ್ತೆಯ ಈಚೆಗೆ, ಸುಡುವ ಬಿಸಿಲಿಗೆ ಎಳೆದು ತಂದರು. ಯಜಮಾನರಿಗೆ ಕಾರಣ ಇವತ್ತಿಗೂ ಗೊತ್ತಿಲ್ಲ. “ಯಾಕೆ ತಂಗೀ, ನಮ್ಮಿಂದ ಏನಾದ್ರೂ ತಪ್ಪಾಯ್ತಾ?” ಎಂದು ಕೇಳುತ್ತಲೇ ಇರುತ್ತಾರೆ. ಅದನ್ನು ಅವರ ಮುಖಕ್ಕೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಆದರೆ ಯಾವ ಏಜೆನ್ಸಿ ಎಂದು ದಾರಿಹೋಕರು ಕೇಳಿದರೆ ಮಾತ್ರ ಕೈ ತಟ್ಟನೆ ಮೇಲೇಳುತ್ತದೆ: “ಎರಡನೇ ಮಹಡಿ. ಬೈತಾರೆ, ಬೈಸ್ಕೊಳ್ಳಿ.”

ಊರಿಗೆಲ್ಲ ಹೇಳಿದರೇನು, ಹೇಳಬೇಕಾದವಳಿಗೆ ಹೇಳಲಿಲ್ಲವಲ್ಲ ಎಂಬ ಕೊರಗು ಅವರನ್ನು ಬಿಟ್ಟಿಲ್ಲ.

ಮೊನ್ನೆ ಅಕ್ಕ ಈ ಬೀದಿಯಲ್ಲಿ ಮತ್ತೆ ಕಾಣಿಸಿಕೊಂಡಳು. ಮಗಳಿಗೆ ಈಗ ದಿನ ತುಂಬುತ್ತಿದೆ. ಯಾರನ್ನೂ ಕೇಳದೆ, ತಾನೇ ವಿಚಾರಿಸಿ, ತಾನೇ ಏಜೆನ್ಸಿ ಗೊತ್ತು ಮಾಡಿಕೊಂಡು ವೀಸಾ ಕೇಂದ್ರಕ್ಕೆ ಬಂದಿದ್ದಳು.

“ಯಾರ ಹತ್ರ ಮಾಡಿಸ್ದೆ ಅಂತ ಕೇಳೋಕೆ ನಂಗೆ ಮುಖ ಇರ್ಲಿಲ್ಲ. ಅವಳೂ ಹೇಳ್ಲಿಲ್ಲ. ಈ ಸಲನಾದ್ರೂ ಸರಿಯಾದ ಹೊತ್ತಿಗೆ ಹೋಗಿ ಮಗು ಎತ್ಕೊಳ್ಲಿ, ನಂಗೆ ಬೇರೇನೂ ಬೇಡ” ಎನ್ನುವ ಬ್ಯಾಗಕ್ಕ, ಯಾರದೋ ಬ್ಯಾಗಿನ ಪಟ್ಟಿ ಸರಿಪಡಿಸುತ್ತಾರೆ. “ಈಗ ಬ್ಯಾಗ್ ಇಟ್ಕೊಳ್ಳೋರು ಕೇಂದ್ರದ ಬಾಗಿಲ ಪಕ್ಕದಲ್ಲೇ ಇಬ್ಬರಿದ್ದಾರೆ, ನೋಡಿ. ಅವಳು ಅವರಿಬ್ಬರನ್ನೂ ಬಿಟ್ಟು, ರಸ್ತೆ ದಾಟಿ ಬಂದು, ತನ್ನ ಬ್ಯಾಗು ನನ್ನ ಕೈಗೇ ಕೊಟ್ಲು.”