ಖಂಡೆ ಪೂಜೆ ಮತ್ತು ಹಳೆಯ ಕನ್ವರ್ಟರ್

ನಮ್ಮ ಅಪ್ಪನಿಗೆ ಎಲ್ಲದರ ಮೇಲೂ ಸಂಶಯ. ಹಾಲಿನವನ ಮೇಲೆ, ತಕ್ಕಡಿಯ ಮೇಲೆ, ಬೈಲಹೊಂಗಲದ ನಮ್ಮದೇ ಬಟ್ಟೆ ಅಂಗಡಿಯ ಮೊಳಕೋಲಿನ ಮೇಲೂ. ಅಂಗಡಿಯ ಕಾರಭಾರ ನನಗೆ ಬಿಟ್ಟುಕೊಟ್ಟ ಮೇಲೆ ನನ್ನ ಮೇಲೂ. ನಂಬಿದ್ದು ಒಂದನ್ನೇ, ತೊಂಬತ್ತರ ದಶಕದಲ್ಲಿ ಮುಂಬೈಯಿಂದ ಹೊತ್ತು ತಂದ ಕನ್ವರ್ಟರ್. ಸಿಡಿಯಲ್ಲಿ ಅಂಕಿಗಳಾಗಿ ಕೂತ ಹಾಡನ್ನು ಧ್ವನಿ ಮಾಡಿ ಕೊಡುವ ಪೆಟ್ಟಿಗೆ ಅದು.

ಎಷ್ಟೋ ವರ್ಷದ ಮೇಲೆ ಸಿಡಿ ಪ್ಲೇಯರ್ ಕೈಕೊಟ್ಟಿತು. ಕನ್ವರ್ಟರಿಗೆ ಕೆಲಸವಿಲ್ಲದಾಯಿತು. ಸವದತ್ತಿಯ ರೇಡಿಯೊ ರಿಪೇರಿ ಸಾಹೇಬರನ್ನು ಕರೆಸಿದೆ. ಸ್ಟ್ರೀಮರ್ ಎಂಬ ಅಂಗೈಯಗಲದ ಹೊಸ ಪೆಟ್ಟಿಗೆ ತಂದರು.

"ಕಂಪ್ಯೂಟರ್‌ನ್ಯಾಗಿನ ಹಾಡು ಇದು ವಾಯರಿನ್ಯಾಗಿಂದ ಎಳಕೊಂಡು ನಿಮ್ಮ ಹಳೇದಕ್ಕ ಕೊಡತೈತ್ರಿ. ಹಳೇದು ಇನ್ನೂ ಗಟ್ಟಿ ಐತಿ, ಸಾವ್ಕಾರ್ರ."

ಹಾಡು ಬಂತು. ಅಪ್ಪನ ಹುಬ್ಬು ಮಾತ್ರ ಇಳಿಯಲಿಲ್ಲ. ಸಾಹೇಬರು ಹೋದದ್ದೇ ತಡ, "ಹಾಡಾಕತ್ತಿದ್ದು ಹೊಸಾದಲೇ. ಹಳೇದರದು ಬರೇ ದೀಪ ಹತ್ತೇತಿ. ಮುದುಕನ್ನ ಸಮಾಧಾನ ಮಾಡಾಕ ಇಬ್ಬರೂ ಕೂಡಿ ನಾಟಕ ಹೂಡೀರಿ," ಎಂದರು.

ಆಣೆ ಮಾಡಿದೆ. "ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡ್ನಂತ," ಎಂದು ಎದ್ದು ಹೋದರು.

ಮಹಾನವಮಿಯ ಖಂಡೆ ಪೂಜೆ ಬಂತು. ಅಂದು ದುಡಿಯುವ ಸಾಮಾನಿಗೆಲ್ಲ ವಿಭೂತಿ ಹಚ್ಚುವುದು ನಮ್ಮ ಪದ್ಧತಿ. ಅಪ್ಪ ಕತ್ತರಿಗೆ ಹಚ್ಚಿದರು, ಮೊಳಕೋಲಿಗೆ ಹಚ್ಚಿದರು, ಸ್ಟ್ರೀಮರಿಗೂ ಹಚ್ಚಿದರು. ಪ್ರತಿವರ್ಷ ಮೊದಲ ವಿಭೂತಿ ಪಡೆಯುತ್ತಿದ್ದ ಕನ್ವರ್ಟರ್ ಮುಂದೆ ಕೈ ನಿಂತಿತು.

"ದುಡೀಲಾರದ್ದಕ್ಕ ಪೂಜಾ ಇಲ್ಲ."

ಸಂಕಟವೂ ಆಯಿತು, ಸಿಟ್ಟೂ ನೆತ್ತಿಗೇರಿತು. ಹಾಡು ಹಚ್ಚಿ, "ನೀವ ಹಳೇದರ ವಾಯರ್ ಕಿತ್ತು ನೋಡ್ರಿ ಮತ್ತ!" ಎಂದೆ.

ಅಪ್ಪ ಮೊದಲು ನನ್ನನ್ನು ದೂರ, ಬಾಗಿಲ ಹತ್ತಿರ ನಿಲ್ಲಿಸಿದರು. ನಾನೇನಾದರೂ ಕೈಚಳಕ ಮಾಡಿಯೇನೆಂದು! ಆಮೇಲೆ ಕನ್ವರ್ಟರಿನ ಕರೆಂಟಿನ ವಾಯರ್ ಜಗ್ಗಿದರು. ಹೊಸ ಪೆಟ್ಟಿಗೆಯ ದೀಪ ಉರಿಯುತ್ತಲೇ ಇತ್ತು, ಹಾಡು ಗಪ್ಪಾಯಿತು. ಚುಚ್ಚಿದರು, ಬಂತು. ಮತ್ತೆ ಜಗ್ಗಿದರು. ಗಪ್.

ಬೆರಳು ವಿಭೂತಿಯಲ್ಲಿ ಅದ್ದಿ ಕನ್ವರ್ಟರಿನ ಮೇಲೆ ನಿಧಾನವಾಗಿ ಎಳೆದರು. ನನ್ನ ಕಡೆ ನೋಡಲಿಲ್ಲ.

"ನನ್ನೂ ಅಂಗಡಿ ಗಾದಿ ಮ್ಯಾಲೆ ಬರೇ ತೋರಿಕಿಗೆ ಕುಂದ್ರಿಸೀದಿ. ನನ್ನ ವಾಯರ್ ಕಿತ್ತರ ಅಂಗಡ್ಯಾಗ ಏನರ ನಿಂದರತೈತೇನಲೇ?"

ಆ ಮಾತು ಎದೆಗೆ ನಾಟಿತು. ಮರುದಿನ ಗಿರಾಕಿಯೊಬ್ಬಳು ಇಳಕಲ್ ಸೀರೆಯ ದರ ಕೇಳಿದಾಗ ಗಾದಿಯ ಕಡೆ ತಿರುಗಿ, "ಅಪ್ಪಾ, ಇದಕ್ಕೆಷ್ಟು ಹೇಳೂಣ್ರಿ?" ಎಂದೆ.

ಅಪ್ಪ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು. "ಗೊತ್ತಿದ್ದು ಕೇಳಾಕತ್ತೀಯೋ, ಗೊತ್ತಿಲ್ಲದ ಕೇಳಾಕತ್ತೀಯೋ?"

ದರ ನನಗೆ ಗೊತ್ತಿತ್ತು. "ಗೊತ್ತಿಲ್ರಿ," ಎಂದೆ.