ಫಳಫಳ ಮಾವನೂ ಉಪ್ಪುನೀರಿನ ಜೀವಿಗಳೂ

ಪ್ರಯೋಗಾಲಯದ ಸಹಾಯಕರಿಗೆ ಅಲ್ಲಿನವರು ಕೊಟ್ಟ ಬಿರುದು ‘ಫಳಫಳ ಮಾವ’. ಮೀಸೆ ಚಿಗುರಿದಂದಿನಿಂದ ಬ್ರಷ್ ಹಿಡಿದು ಬ್ಯಾಕ್ಟೀರಿಯಾಗಳ ಮೇಲೆ ದಂಡೆತ್ತಿ ಹೋಗುತ್ತಿದ್ದ ಶೂರರು. ಅವರು ತೊಳೆದಿಟ್ಟ ಗಾಜಿನ ಕೊಳವೆಯಲ್ಲಿ ಒಂದು ಕ್ರಿಮಿಯೂ ತಲೆಯೆತ್ತಿದ್ದಿಲ್ಲ. ಮನೆಯಲ್ಲಿ ಹೆಂಡತಿ ತೊಳೆದ ಲೋಟವನ್ನೂ ಬೆಳಕಿಗೆ ಹಿಡಿದು ನೋಡಿ ಬೈಸಿಕೊಳ್ಳುತ್ತಿದ್ದರು.

ಅಲ್ಲೇ ಸಂಶೋಧನೆ ಮಾಡುತ್ತಿದ್ದ ಅಕ್ಕನ ಮಗಳು ಒಂದು ಬೆಳಿಗ್ಗೆ ಅವರ ಕೈಗೆ ಕೊಳವೆಯೊಂದನ್ನು ಕೊಟ್ಟಳು. ಒಳಗೆ ಉಪ್ಪುನೀರಿನಲ್ಲಿ ಸಾಕಿದ ಬ್ಯಾಕ್ಟೀರಿಯಾಗಳಿದ್ದವು.

‘ಹಳೇ ದ್ರವ ತೆಗೆದು, ಇವನ್ನ ಉಪ್ಪುನೀರಲ್ಲೇ ಒಂದ್ಸಲ ತೊಳೆದಿಡಿ ಮಾವ. ಹುಷಾರು, ಈ ತಳಿ ಇರೋದು ಇದೊಂದರಲ್ಲೇ.’

‘ತೊಳೆ’ ಎಂದ ಮೇಲೆ ಕೇಳಬೇಕೆ? ಮಾವನ ಕೈ ತಾನಾಗಿ ಅತಿಶುದ್ಧ ನೀರಿನ ಬಾಟಲಿಯತ್ತ ಹೋಯಿತು.

ಸ್ವಲ್ಪ ಹೊತ್ತಿಗೆ ಸೋದರಸೊಸೆ ಬಂದು ಕೇಳಿದಳು, ‘ಯಾವ ನೀರು ಹಾಕಿದ್ರಿ?’

‘ಒಳ್ಳೇ ನೀರು.’

‘ಎಷ್ಟು ಒಳ್ಳೇದು?’

‘ಸಿಕ್ಕಾಪಟ್ಟೆ.’

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ‘ಅವುಗಳ ಒಳಗೆ ಉಪ್ಪು ಕಿಕ್ಕಿರಿದಿರುತ್ತೆ ಮಾವ. ಬರೀ ನೀರು ಸಿಕ್ಕಿದ್ರೆ ಅದು ಒಳಕ್ಕೆ ನುಗ್ಗಿ, ಇವು ಬಲೂನ್ ಥರ ಉಬ್ಬಿ ಒಡೆದ್ಹೋಗ್ತವೆ. ಬಾಗಿಲು ತೆರೆದ್ರೆ ಮಾತ್ರ ಉಳೀತವೆ.’

‘ಯಾರು ತೆರೀಬೇಕು?’

‘ಯಾರೂ ಇಲ್ಲ. ಮೈ ಪೊರೇಲೇ ಪ್ರೋಟೀನಿನ ಬಾಗಿಲುಗಳಿರ್ತವೆ. ಪೊರೆ ಬಿಗಿದ್ರೆ ಆ ಎಳೆತಕ್ಕೇ ತೆರ್ಕೊಂಡು ಉಪ್ಪನ್ನ ಹೊರಗೆ ಚೆಲ್ಲಿ, ಮತ್ತೆ ಮುಚ್ಕೊಳ್ತವೆ. ಕಣ್ಣು ಮಿಟುಕಿಸೋದ್ರೊಳಗೆ. ಆದ್ರೆ ಈ ತಳಿಗೆ ಅವು ಇದಾವೋ ಇಲ್ವೋ, ನಂಗೇ ಗೊತ್ತಿಲ್ಲ.’

ಕೊಳವೆಯ ಒಂದು ತೊಟ್ಟನ್ನು ಇನ್ನೊಂದು ಕೊಳವೆಯಲ್ಲಿದ್ದ, ಉಪ್ಪು ಬೆರೆಸಿದ ಪೋಷಕ ದ್ರವಕ್ಕೆ ಬಿಟ್ಟಳು. ‘ಸತ್ತಿದ್ರೆ ತಿಳಿಯಾಗೇ ಇರುತ್ತೆ. ಬದುಕಿದ್ರೆ ನಾಳೆಗೆ ಕದಡಿರುತ್ತೆ.’

ತನ್ನ ಶುಚಿತ್ವವೇ ಹುಡುಗಿಯ ದುಡಿಮೆಯನ್ನು ನುಂಗಿದ್ದರೆ ಅಕ್ಕನಿಗೆ ಯಾವ ಮುಖ ತೋರಿಸುವುದು? ಆ ಸಂಜೆ ಮನೆಯಲ್ಲಿ ಮಾವ ಲೋಟದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ‘ಹುಷಾರಿಲ್ವೇನ್ರೀ?’ ಎಂದು ಹೆಂಡತಿ ಹಣೆ ಮುಟ್ಟಿ ನೋಡಿದಳು. ಅವರ ತಲೆಯಲ್ಲಿ ಬಾಗಿಲುಗಳೇ ತುಂಬಿದ್ದವು: ಚಿಲಕವಿಲ್ಲ, ಕಾವಲುಗಾರನಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಜೀವಮಾನವಿಡೀ ಶತ್ರುವಿನ ಕೋಟೆಗೆ ಮುತ್ತಿಗೆ ಹಾಕಿದ ಸೇನಾಪತಿ ಈಗ ಅದೇ ಕೋಟೆ ಬೀಳದಿರಲೆಂದು ಮೊರೆಯಿಡುತ್ತಿದ್ದರು.

ಮರುದಿನ ದ್ರವ ಅಕ್ಕಿ ತೊಳೆದ ನೀರಿನಂತೆ ಕದಡಿತ್ತು.

‘ಬಾಗಿಲುಗಳಿವೆ ಮಾವ’ ಎಂದಳು ಸೊಸೆ, ಪಿಸುಮಾತಿನಲ್ಲಿ.

ಮಾವ ಆ ಕದಡಿದ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬಳಿ ನಿಂತರು. ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದರು.

‘ಕೊಡಿ ಇಲ್ಲಿ.’

‘ಇರು, ನೋಡ್ತಿದೀನಿ.’

‘ಬರಿಗಣ್ಣಿಗೆ ಏನೂ ಕಾಣಲ್ಲ.’

‘ಗೊತ್ತು ಕಣೆ’ ಎಂದು ಮಾವ ನೋಡುತ್ತಲೇ ಇದ್ದರು.